ನಡಿಗೆಯ ವೈಕಲ್ಯವೂ ಶಿಶುಪಾಲನೆಯೂ

ಶಿಶುಪಾಲನೆಯೆಂಬ ಒಂದು ಮಾತಿನಲ್ಲಿ ಅನೇಕ ಕರ್ಮಗಳು ಅಡಗಿವೆ. ಅವುಗಳಲ್ಲಿ ಕಾಲಿನಿಂದಲೇ ಆಗತಕ್ಕವು ಯಾವುವು, ಕಾಲಿನ ಅಪೇಕ್ಷೆಯಿಲ್ಲದವು ಯಾವುವು ಎಂಬ ವಿವೇಚನೆಯನ್ನು ಮಾಡದೆ, ನಡೆಯಲಾರದವರು ಮಕ್ಕಳನ್ನು ಸಾಕಲಾರರೆಂದು ಲೋಕವು ಹೇಳಿಬಿಡುವುದುಂಟು. ಈ ಮಾತಿನ ಬಲಾಬಲವನ್ನು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಗಳ ಮಲೆಗಳಲ್ಲಿ ಪರೀಕ್ಷಿಸುವುದು ಯುಕ್ತ; ಏಕೆಂದರೆ ಏರಿಳಿತದ ಆ ನೆಲದಲ್ಲಿ ನಡಿಗೆಯ ಕಷ್ಟವು ಬಯಲುಸೀಮೆಗಿಂತ ಅಧಿಕವಾದುದು.

ಮೊದಲು ಕಾಲಿನ ಅಪೇಕ್ಷೆಯಿಲ್ಲದ ಕರ್ಮಗಳನ್ನು ನೋಡಬಹುದು. ಹಾಲೂಡಿಸುವುದು, ಅನ್ನ ಕಲಸಿ ತಿನ್ನಿಸುವುದು, ಮಾತು ಕಲಿಸುವುದು, ತಪ್ಪನ್ನು ತಿದ್ದುವುದು, ಅಂಜಿದಾಗ ಅಪ್ಪಿಕೊಳ್ಳುವುದು, ಇವೆಲ್ಲವೂ ಕುಳಿತೇ ಆಗತಕ್ಕವು. ನಮ್ಮ ಮನೆಗಳಲ್ಲಿ ಕೂಸಿಗೆ ನೀರೆರೆಯುವ ಹೆಂಗಸೂ ಕಾಲು ನೀಡಿ ಕುಳಿತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡೇ ಎರೆಯುತ್ತಾಳೆ. ತೊಟ್ಟಿಲನ್ನು ಹಗ್ಗ ಕಟ್ಟಿ ಕುಳಿತಲ್ಲಿಂದಲೇ ತೂಗುತ್ತಾರೆ. ಹೀಗೆ ಪಾಲನೆಯ ಬಹುಭಾಗವು ಕಾಲಿನದಲ್ಲವೆಂಬುದು ಸ್ಪಷ್ಟ.

ಇನ್ನು ಕಾಲನ್ನು ಅಪೇಕ್ಷಿಸುವ ಕರ್ಮಗಳು ಮೂರು: ಮಗುವನ್ನು ಎತ್ತಿ ನಡೆಯುವುದು, ತಪ್ಪಡಿಯಿಡುವ ಮಗುವಿನ ಬೆನ್ನುಹತ್ತುವುದು, ಮನೆಯಿಂದ ಹೊರಗೆ ಕೊಂಡೊಯ್ಯುವುದು. ಊರುಗೋಲು ಹಿಡಿದವರಿಗೆ ಮಗುವನ್ನು ಹಿಡಿಯಲು ಕೈ ಉಳಿಯುವುದಿಲ್ಲವಾದ್ದರಿಂದ, ಮೊದಲನೆಯದಕ್ಕೆ ನೆಲಕ್ಕೆ ಸಮೀಪವಾದ ಹಾಸಿಗೆಯೂ, ಬೇಕಾದುದೆಲ್ಲವೂ ಕೈಗೆಟಕುವಂತಿರುವ ಒಂದೇ ಕೋಣೆಯೂ ಉಪಾಯ. ಎರಡನೆಯದಕ್ಕೆ ಹೊಸ್ತಿಲಿಗೆ ಅಡ್ಡಹಲಗೆಯುಂಟು. ಕಾಲ್ಗೆಜ್ಜೆಯ ದನಿಯನ್ನು ಕೇಳಿ ಮಗುವಿರುವ ಕಡೆಯನ್ನು ಅರಿಯಬಹುದು. ಕರೆದೊಡನೆ ಬಳಿಗೆ ಬರುವ ಅಭ್ಯಾಸವನ್ನು ಮಗುವಿಗೆ ಎಳವೆಯಿಂದಲೇ ಮಾಡಿಸಬಹುದು.

ಮೂರನೆಯದೇ ಮಲೆಯಲ್ಲಿ ದುಸ್ತರವಾದುದು. ಕಾಫಿತೋಟದ ಲೈನ್ ಮನೆಯಿಂದ ದಾರಿಗೆ ಬರಬೇಕಾದರೆ ಅನೇಕ ಕಡೆ ಇಳಿಜಾರಿನ ಮಣ್ಣುಹಾದಿಯೇ ಗತಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಕೆಸರು, ಪಾಚಿಗಳಿಂದ ಜಾರುತ್ತದೆ. ಹೆರಿಗೆಯು ಆಸ್ಪತ್ರೆಯಲ್ಲಾದರೆ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆಯು 6 ಬಾರಿ ಮನೆಗೇ ಬರತಕ್ಕದ್ದೆಂಬ ನಿಯಮವಿದೆ. ಆದರೆ ಲಸಿಕೆಗಳು 6, 10, 14ನೆಯ ವಾರಗಳಲ್ಲಿ ಆಗಬೇಕು. ಅವುಗಳಿಗೆ ಸಾಮಾನ್ಯವಾಗಿ ಮಗುವನ್ನೇ ಕೊಂಡೊಯ್ಯಬೇಕು. ಜೂನ್ ಮೊದಲಲ್ಲಿ ಹುಟ್ಟಿದ ಕೂಸಿಗೆ ಈ ಮೂರೂ ಮಳೆಗಾಲದಲ್ಲಿಯೇ ಬೀಳುತ್ತವೆ. ಇಲ್ಲಿ ಲಸಿಕೆ ತಪ್ಪಿದರೆ ಅದು ತಾಯಿಯ ದೋಷವೆನ್ನಬೇಕೆ, ಹಾದಿಯ ದೋಷವೆನ್ನಬೇಕೆ? ಅದೇ ತಾಯಿಯು ಸಮತಲವಾದ ದಾರಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೋಗಬಲ್ಲಳಾದರೆ, ಹಾದಿಯ ದೋಷವೆಂದೇ ನಿರ್ಣಯಿಸಬೇಕಾಗುತ್ತದೆ.

ಶಾಸನವೂ ಈ ನಿರ್ಣಯಕ್ಕೆ ಅನುಕೂಲವಾಗಿದೆ. ವಿಶ್ವಸಂಸ್ಥೆಯ 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅಂಗೀಕರಿಸಿತು. ತಾಯ್ತಂದೆಗಳ ವೈಕಲ್ಯವನ್ನೇ ಕಾರಣಮಾಡಿ ಮಗುವನ್ನು ಅವರಿಂದ ಅಗಲಿಸಕೂಡದೆಂದೂ, ಮಕ್ಕಳ ಪೋಷಣೆಯಲ್ಲಿ ಅವರಿಗೆ ತಕ್ಕ ನೆರವು ಸಲ್ಲಬೇಕೆಂದೂ ಅದರ 23ನೆಯ ವಿಧಿಯು ಹೇಳುತ್ತದೆ. ಭಾರತದ 2016ರ ಅಧಿನಿಯಮದ 24ನೆಯ ಪ್ರಕರಣವು, ಅಂಗವೈಕಲ್ಯವುಳ್ಳ ಸ್ತ್ರೀಯರಿಗೆ ಮಕ್ಕಳ ಪಾಲನೆಗಾಗಿ ಬೆಂಬಲವನ್ನು ಸರ್ಕಾರದ ಯೋಜನೆಗಳಲ್ಲಿ ಸೇರಿಸತಕ್ಕದ್ದೆಂದು ವಿಧಿಸುತ್ತದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ನಿರ್ಬಂಧವೂ ಅಲ್ಲಿಯೇ ಇದೆ, ತಂದೆಯ ಪ್ರಸ್ತಾಪವು ಆ ವಾಕ್ಯದಲ್ಲಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಇಂತಹ ತಾಯಂದಿರಿಗೆ, ಮಗುವಿಗೆ 2 ವರ್ಷ ತುಂಬುವವರೆಗೆ ತಿಂಗಳಿಗೆ 3000 ರೂಪಾಯಿಗಳ ವಿಶೇಷ ಭತ್ಯೆಯು 2017ರಲ್ಲಿ ಗೊತ್ತಾಯಿತು. ಕಾಫಿಹಣ್ಣು ಬಿಡಿಸುವ ಕೂಲಿಯ ತಾಯಿಗೆ ಆ ಭತ್ಯೆಯು ಸಲ್ಲತಕ್ಕದ್ದಲ್ಲ. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟಗಳಲ್ಲಿ ಶಿಶುವಿಹಾರವಿರಬೇಕೆಂದು 1951ರ ತೋಟಕಾರ್ಮಿಕರ ಕಾಯಿದೆಯು ವಿಧಿಸಿತ್ತು; ಸಣ್ಣ ತೋಟದ ಆಳುಗಳಿಗೆ ಆ ಆಸರೆಯೂ ದುರ್ಲಭವಾಗಿತ್ತು.

ಮನೆಯ ಹಿರಿಯ ಮಗುವೇ ಕಾಲಾಗಿ ನೆರವಾಗಬಾರದೇ ಎಂದು ಕೆಲವರು ಕೇಳಬಹುದು. ಕೈನೆರವು ಬೇರೆ, ಹೊರೆ ಬೇರೆ. ತಂಬಿಗೆಯನ್ನು ತಂದುಕೊಡುವ ಮಗು ಸಂತೋಷಪಡುತ್ತದೆ. ತಮ್ಮನನ್ನು ಕಾಯುವುದಕ್ಕಾಗಿ ಶಾಲೆಯನ್ನು ಬಿಡುವ ಮಗುವು ಊರುಗೋಲಾಗಿಬಿಡುತ್ತದೆ. ಸಮಾಜವು ಕೊಡದ ನೆರವು ಕಡೆಗೆ ಮಕ್ಕಳ ಮೇಲೆಯೇ ಬೀಳುತ್ತದೆಂಬುದನ್ನು ಮರೆಯಬಾರದು.

ಸಾಂಖ್ಯರು ಪ್ರಕೃತಿಪುರುಷರ ಸಂಯೋಗವನ್ನು ವಿವರಿಸಲು ಪಂಗ್ವಂಧನ್ಯಾಯವನ್ನು ಬಳಸಿದರು. ಅದರಲ್ಲಿ ಕುರುಡನು ನಡೆಯುತ್ತಾನೆ. ಅವನ ಹೆಗಲೇರಿದ ಕುಂಟನು ದಾರಿಯನ್ನು ತೋರಿಸುತ್ತಾನೆ. ನಡಿಗೆಯನ್ನು ಎರವಲು ಪಡೆಯಬಹುದು, ದಾರಿಯ ಅರಿವನ್ನು ಕುಂಟನೇ ಕೊಡಬೇಕು. ಶಿಶುಪಾಲನೆಯಲ್ಲಿಯೂ ಹೀಗೆಯೇ. ಎತ್ತಿ ಒಯ್ಯುವ ಕೈಕಾಲುಗಳನ್ನು ನೆರೆಹೊರೆಯೂ ಸರ್ಕಾರವೂ ಒದಗಿಸಬಲ್ಲವು. ಮಗುವು ಯಾರ ದನಿಗೆ ತಿರುಗಿ ನೋಡುವುದೋ ಆ ತಾಯಿಯನ್ನಾಗಲಿ ತಂದೆಯನ್ನಾಗಲಿ ಅವು ಒದಗಿಸಲಾರವು.