ಎತ್ತಿನ ಹೆಗಲ ಮೆತ್ತೆ: ಉಣ್ಣೆ ತುಂಬಿದುದೋ, ಫೋಮಿನದೋ?

ಎತ್ತಿನ ಮೈಬಲವೆಲ್ಲವೂ ನೇಗಿಲಿಗೆ ಮುಟ್ಟುವುದು ಅದರ ಹೆಗಲಿನ ಮೂಲಕವೇ. ಹಿಣಿಲಿನ ಮುಂದಿರುವ ಗೇಣುದ್ದದ ಚರ್ಮವು ಕೆಟ್ಟಿತೆಂದರೆ, ಉಳಿದ ಅಂಗಗಳೆಲ್ಲವೂ ಆರೋಗ್ಯವಾಗಿದ್ದರೂ ಆ ಎತ್ತು ಕೊಟ್ಟಿಗೆಯಲ್ಲಿಯೇ ನಿಲ್ಲಬೇಕಾಗುವುದು. ರಿಪ್ಪನ್‌ಪೇಟೆಯ ಸುತ್ತಣ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಇಂತಹ ತೊಂದರೆಯುಂಟಾಗುವುದು ಸಾಮಾನ್ಯವಾಗಿ ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ; ಎಂದರೆ ಗದ್ದೆಯ ಉಳುಮೆಯೂ ನಾಟಿಯೂ ಒಮ್ಮೆಗೇ ಒದಗಿಬರುವ ದಿನಗಳಲ್ಲಿ. ಆಗ ಎಂಟು ಹತ್ತು ದಿವಸ ಜೋಡಿ ನಿಂತುಹೋದರೆ ಸಸಿಯು ಮಡಿಯಲ್ಲಿಯೇ ಬಲಿತು, ಪೈರಿನ ತೆಂಡೆ ಕಡಮೆಯಾಗುವುದು. ಈಗ ಟಿಲ್ಲರುಗಳು ಹಬ್ಬಿರುವುದು ನಿಜವಾದರೂ, ಯಂತ್ರವು ಇಳಿಯಲಾರದ ಕಿರುಗದ್ದೆಗಳಲ್ಲಿ ಎತ್ತನ್ನೇ ನೆಚ್ಚಿಕೊಂಡ ಒಕ್ಕಲುಗಳು ಇನ್ನೂ ಉಂಟು. ಆದುದರಿಂದ ನೊಗದಡಿಗೆ ಹಾಕುವ ಮೆತ್ತೆಯನ್ನು ಆರಿಸಿಕೊಳ್ಳುವ ವಿಷಯವು ಅಲ್ಪವಾದುದೆಂದು ಎಣಿಸತಕ್ಕದ್ದಲ್ಲ.

ಹೆಗಲ ಹುಣ್ಣು ಉಂಟಾಗುವ ಬಗೆಯನ್ನು ಮೊದಲು ತಿಳಿದುಕೊಳ್ಳಬೇಕು. ಚರ್ಮದ ಮೇಲೆ ಬೀಳುವ ಒತ್ತಡವು ಎಳೆತದ ಭಾರವನ್ನು ಮಾತ್ರವಲ್ಲದೆ, ಆ ಭಾರವು ಎಷ್ಟು ಅಗಲಕ್ಕೆ ಹರಡಿದೆಯೆಂಬುದನ್ನೂ ಅನುಸರಿಸಿರುವುದು. ಒಂದು ಎತ್ತಿನ ಹೆಗಲಿಗೆ 40 ಕಿಲೋಗ್ರಾಂ ಎಳೆತವು ಬಿದ್ದು, ನೊಗವು 80 ಚದರ ಸೆಂಟಿಮೀಟರಿನಷ್ಟು ಮಾತ್ರ ತಾಗಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೂ ಅರ್ಧ ಕಿಲೋಗ್ರಾಂ ಬೀಳುವುದು. ತಾಗುವ ಸ್ಥಳವನ್ನು 160ಕ್ಕೆ ಹೆಚ್ಚಿಸಿದರೆ ಅದು ಕಾಲು ಕಿಲೋಗ್ರಾಮಿಗೆ ಇಳಿಯುವುದು. ಒತ್ತಡ ಹೆಚ್ಚಾದ ಕಡೆ ಸಣ್ಣ ರಕ್ತನಾಳಗಳು ಅದುಮಿಹೋಗಿ ಮಾಂಸವು ಸೊರಗುವುದು. ಮಳೆಯಿಂದಲೂ ಬೆವರಿನಿಂದಲೂ ಮೆತ್ತಗಾದ ಚರ್ಮವು ಉಜ್ಜಿದೊಡನೆ ಸುಲಿಯುವುದು. ಒತ್ತಡವನ್ನು ಹರಡುವುದೂ ಉಜ್ಜುವಿಕೆಯನ್ನು ತಗ್ಗಿಸುವುದೂ ಮೆತ್ತೆಯ ಕೆಲಸ. ಈ ಎರಡನ್ನೂ ಮಾಡದ ಮೆತ್ತೆಯು ಕೈಗೆ ಎಷ್ಟೇ ಮೃದುವಾಗಿ ತೋರಿದರೂ ಪ್ರಯೋಜನವಿಲ್ಲ.

ಈ ವಿಷಯದಲ್ಲಿ ಹೆಚ್ಚು ಅನುಭವವುಳ್ಳವರು ಕುದುರೆಯ ಜೀನನ್ನು ಮಾಡುವವರು. ಜೀನಿನ ಕೆಳಗೆ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ, ಒಂದೊಂದು ಮೆತ್ತೆಯಿರುವುದು. ಬಹುಕಾಲದಿಂದ ಇದಕ್ಕೆ ಬಿಡಿಯುಣ್ಣೆಯನ್ನು ತುಂಬುತ್ತಿದ್ದರು. 20ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಫೋಮ್ ಸಹ ಬಳಕೆಗೆ ಬಂದಿತು. ಉಣ್ಣೆಯು ಕಾಲಕ್ರಮದಲ್ಲಿ ಅಡಕವಾಗಿ ಗಂಟುಗಟ್ಟುವುದು. ಆದರೆ ಹೊಲಿಗೆಯನ್ನು ಬಿಚ್ಚಿ, ಬೇಕಾದ ಕಡೆ ಸೇರಿಸಿ, ಬೇಡವಾದ ಕಡೆ ತೆಗೆದು, ಆಯಾ ಕುದುರೆಯ ಬೆನ್ನಿಗೆ ಸರಿಮಾಡಬಹುದು. ಫೋಮ್ ಆದರೋ ಮೊದಲ ದಿನದಿಂದಲೂ ಒಂದೇ ಸಮನಾಗಿದ್ದು ಆರೈಕೆಯನ್ನು ಹೆಚ್ಚಾಗಿ ಬೇಡುವುದಿಲ್ಲ. ಆದರೆ ಅದರ ಆಕಾರವು ಬೆನ್ನಿಗೆ ಒಪ್ಪದಿದ್ದರೆ ತಿದ್ದುವ ಮಾರ್ಗವಿಲ್ಲ, ಸವೆದ ಮೇಲೆ ಇಡಿಯಾಗಿ ಬದಲಿಸಬೇಕಾಗುವುದು. ನಮ್ಮ ಸೀಮೆಗೂ ಈ ವಿಚಾರವು ತೀರ ಹೊಸದಲ್ಲ. ಗಾಡಿದಾರಿಗಳು ಆಗುವುದಕ್ಕೆ ಮುಂಚೆ ಘಟ್ಟದ ಮೇಲಣ ಅಕ್ಕಿ ಅಡಿಕೆಗಳು ಹೇರೆತ್ತುಗಳ ಬೆನ್ನಮೇಲೆ ಕರಾವಳಿಗೆ ಇಳಿದು, ಅಲ್ಲಿಯ ಉಪ್ಪು ಮೇಲಕ್ಕೆ ಬರುತ್ತಿದ್ದಿತು. ಆಗಲೂ ಎತ್ತಿನ ಬೆನ್ನು ಉಳಿದರೆ ಮಾತ್ರ ವ್ಯಾಪಾರವು ಉಳಿಯುತ್ತಿದ್ದಿತು.

ಇದೇ ತತ್ತ್ವವನ್ನು ನೊಗಕ್ಕೆ ಅನ್ವಯಿಸಿ ನೋಡೋಣ. ಎತ್ತಿನ ಹೆಗಲು ವರ್ಷವೆಲ್ಲ ಒಂದೇ ತೆರನಾಗಿರುವುದಿಲ್ಲ. ಬೇಸಗೆಯಲ್ಲಿ ಮೇವು ಸಾಲದೆ ಬಡಕಲಾದ ಎತ್ತು ಹಸುರು ಮೇಯ್ದ ಮೇಲೆ ಮೈತುಂಬಿಕೊಳ್ಳುವುದು. ಜಾತಿಯಿಂದ ಜಾತಿಗೂ ಭೇದವುಂಟು. 2012ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಮಲೆನಾಡು ಗಿಡ್ಡದ ಕಿರಿದಾದ ಹೆಗಲಿಗೂ, ಬಯಲುಸೀಮೆಯಿಂದ ಕೊಂಡುತಂದ ಹಳ್ಳಿಕಾರ್ ಎತ್ತಿನ ಹೆಗಲಿಗೂ ಒಂದೇ ಅಚ್ಚಿನ ಮೆತ್ತೆಯು ಹೊಂದಲಾರದು. ಉಣ್ಣೆ ತುಂಬಿದ ಮೆತ್ತೆಯಾದರೆ ಒಕ್ಕಲಿಗನು ತಾನೇ ದಬ್ಬಣ ಹಿಡಿದು ಅದನ್ನು ಸರಿಪಡಿಸಿಕೊಳ್ಳಬಹುದು. ಹಿಂದೆ ಹುಣ್ಣಾಗಿ ಮಾಯ್ದ ಸ್ಥಳವಿದ್ದರೆ, ಅದರ ನೇರಕ್ಕೆ ಸ್ವಲ್ಪ ತುಂಬುವಸ್ತುವನ್ನು ತೆಗೆದು ಒತ್ತಡವನ್ನು ಹಗುರಮಾಡಬಹುದು. ಫೋಮನ್ನು ಹಾಗೆ ಕೊಯ್ದರೆ ಕೊಯ್ದ ಅಂಚೇ ಒತ್ತಿ ಮತ್ತೊಂದು ಹುಣ್ಣಿಗೆ ಕಾರಣವಾಗುವುದು.

ಆದರೆ ಮಲೆನಾಡಿನ ಮಳೆಯನ್ನು ಮರೆಯಲಾಗದು. ಉಣ್ಣೆಯು ತನ್ನ ತೂಕದಲ್ಲಿ ನೂರಕ್ಕೆ ಸುಮಾರು ಮೂವತ್ತರಷ್ಟು ತೇವವನ್ನು ಹೀರಿಯೂ ಕೈಗೆ ಒದ್ದೆಯಾಗಿ ತೋರದು. ಬೆವರಿನ ವಿಷಯದಲ್ಲಿ ಇದು ದೊಡ್ಡ ಗುಣ. ದಿನವೆಲ್ಲ ಜಡಿಮಳೆಯಲ್ಲಿ ನೆನೆದರೆ ಮಾತ್ರ ಬೇಗನೆ ಒಣಗದೆ, ಒತ್ತಡದಲ್ಲಿ ಗಟ್ಟಿಯಾಗುವುದು. ಹತ್ತಿಯನ್ನು ತುಂಬಿದರೆ ನೆನೆದೊಡನೆ ಚಪ್ಪಟೆಯಾಗುವುದು. ತೆಂಗಿನ ನಾರು ನೀರಿಗೆ ತಡೆದುಕೊಳ್ಳುವುದಾದರೂ ಚುಚ್ಚುವುದರಿಂದ ಅದನ್ನು ಒಳಪದರವಾಗಿ ಮಾತ್ರ ಉಪಯೋಗಿಸತಕ್ಕದ್ದು.

ಫೋಮಿನಲ್ಲಿಯೂ ಎರಡು ಬಗೆಗಳುಂಟು. ಹಾಸಿಗೆಗೂ ಕುರ್ಚಿಗೂ ಹಾಕುವ ಸ್ಪಂಜಿನಂತಹುದು ನೀರನ್ನು ಕುಡಿದು ಭಾರವಾಗುವುದು. ನೊಗದ ಒತ್ತಡಕ್ಕೆ ತಳಮುಟ್ಟಿ ಇಲ್ಲದಂತಾಗುವುದು. ಬಿಸಿಲಿಗೂ ಬೆವರಿಗೂ ಕೆಲಕಾಲದಲ್ಲಿ ಪುಡಿಪುಡಿಯಾಗುವುದು. ಇದನ್ನು ಎಂದಿಗೂ ಕೊಳ್ಳತಕ್ಕದ್ದಲ್ಲ. ಮತ್ತೊಂದು, ಚಪ್ಪಲಿಯ ಅಟ್ಟೆಯ ಹಾಗೆ ಬಿಗಿಯಾದುದು. ಇದರ ಗುಳ್ಳೆಗಳು ಮುಚ್ಚಿರುವುದರಿಂದ ನೀರು ಒಳಗೆ ಸೇರದು. ಆದರೆ ಗಾಳಿಯೂ ಆಡದು. ಬರಿಯ ಚರ್ಮದ ಮೇಲೆ ಕಟ್ಟಿದರೆ ಬೆವರು ಕಟ್ಟಿ ಬೆಂದಂತಾಗುವುದು. ರೆಕ್ಸಿನ್ ಹೊದಿಕೆಗೂ, ಹಳೆಯ ಟಯರಿನ ಟ್ಯೂಬನ್ನು ನೊಗಕ್ಕೆ ಸುತ್ತುವ ಪದ್ಧತಿಗೂ ಇದೇ ದೋಷವುಂಟು.

ಹಾಗಾದರೆ ಕೊಳ್ಳತಕ್ಕದ್ದು ಯಾವುದು? ಒಂದೇ ಜೋಡಿಯನ್ನು ಸಾಕಿ, ಮೆತ್ತೆಯನ್ನು ಬಿಚ್ಚಿ ಹೊಲಿಯಬಲ್ಲವರು ಮನೆಯಲ್ಲಿರುವ ಒಕ್ಕಲಿಗೆ ಉಣ್ಣೆ ತುಂಬಿ, ಚರ್ಮಕ್ಕೆ ತಾಗುವ ಮಗ್ಗುಲಿಗೆ ಹಳೆಯ ಕಂಬಳಿಯನ್ನು ಹೊಲಿದ ಮೆತ್ತೆಯೇ ಮೇಲು. ಆದರೆ ಪ್ರತಿ ಎತ್ತಿಗೂ ಎರಡೆರಡು ಇರಬೇಕು. ಒಂದು ಹೆಗಲ ಮೇಲಿರುವಾಗ ಮತ್ತೊಂದು ಒಲೆಯ ಮೇಲಣ ಅಟ್ಟದಲ್ಲಿ ಒಣಗುತ್ತಿರಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಉಣ್ಣೆಯನ್ನು ತೆಗೆದು ತೊಳೆದು ಹಿಂಜಿ ಮತ್ತೆ ತುಂಬಬೇಕು. ಇಷ್ಟು ಆರೈಕೆ ಸಾಧ್ಯವಿಲ್ಲದವರು ಬಿಗಿಯಾದ ಮುಚ್ಚುಗುಳ್ಳೆಯ ಫೋಮನ್ನು ಒಳಗಿಟ್ಟು, ಬಿಚ್ಚಿ ಒಗೆಯಲು ಬರುವಂತೆ ಕಂಬಳಿಯ ಚೀಲವನ್ನು ಹೊದಿಸಿಕೊಳ್ಳಬಹುದು. ಹೊಂದಿಕೆಯಲ್ಲಿ ಇದು ಮೊದಲನೆಯದಕ್ಕೆ ಸಮವಲ್ಲ; ಆದರೂ ನೆನೆದು ಗಂಟಾದ ಉಣ್ಣೆಗಿಂತ ಲೇಸು.

ಯಾವುದನ್ನು ಕೊಂಡರೂ ಪರೀಕ್ಷಿಸದೆ ದಿನಪೂರ್ತಿ ಹೂಡತಕ್ಕದ್ದಲ್ಲ. ಮಳೆಯಿಲ್ಲದ ಒಂದು ಬೆಳಗ್ಗೆ ಒಂದು ಗಂಟೆ ಉತ್ತು ನೊಗವನ್ನಿಳಿಸಿ ಹೆಗಲನ್ನು ನೋಡಬೇಕು. ಬೆವರಿನ ಗುರುತು ಒಂದೇ ಸಮನಾಗಿ ಹರಡಿದ್ದರೆ ಮೆತ್ತೆಯು ಹೊಂದಿರುವುದೆಂದು ತಿಳಿಯಬಹುದು. ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡವು ಹೆಚ್ಚಾಗಿದೆಯೆಂಬ ಶಂಕೆಯನ್ನು ತಾಳಬೇಕು. ಕೂದಲು ತಿರುಚಿ ನಿಂತಿದ್ದರೆ ಮೆತ್ತೆಯು ಜಾರಿ ಉಜ್ಜುತ್ತಿರುವುದು. ಅಂಗೈಯಿಟ್ಟಾಗ ಬಿಸಿಯೂ ಬಾವೂ ತೋರಿದರೆ ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಇನ್ನೊಂದು ಮಾತು. ಕೆಟ್ಟ ನೊಗವನ್ನು ಒಳ್ಳೆಯ ಮೆತ್ತೆಯು ಸರಿಮಾಡಲಾರದು. ನೊಗದ ಒರಟು ಗಂಟುಗಳನ್ನು ಮೊದಲು ಕೆತ್ತಿ ನುಣುಪುಮಾಡಬೇಕು. ಜೋಡಿಯ ಎತ್ತುಗಳು ಎತ್ತರದಲ್ಲಿ ಸರಿಸಮವಿಲ್ಲದಿದ್ದರೆ ನೊಗವು ವಾಲಿ, ಒಂದರ ಹೆಗಲಿಗೆ ಹೆಚ್ಚು ಭಾರ ಬೀಳುವುದು. ಬಹುದಿನ ಕೆಲಸವಿಲ್ಲದೆ ನಿಂತ ಎತ್ತನ್ನೂ ಹೊಸದಾಗಿ ಪಳಗಿಸಿದ ಹೋರಿಯನ್ನೂ ಮೊದಲ ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೂಡಿ, ಚರ್ಮವು ಗಟ್ಟಿಯಾಗಲು ಅವಕಾಶ ಕೊಡಬೇಕು.

ಹುಣ್ಣಾದ ಮೇಲೆ ಮೆತ್ತೆಯು ಚಿಕಿತ್ಸೆಯಲ್ಲ; ವಿಶ್ರಾಂತಿಯೇ ಚಿಕಿತ್ಸೆಯ ಮೊದಲ ಭಾಗ. ನೊಣ ಕೂತು ಹುಳು ಬೀಳುವುದಕ್ಕೆ ಮುಂಚೆ ಪಶುವೈದ್ಯರಿಗೆ ತೋರಿಸಬೇಕು. ಗಾಯದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. 1965ರ ನಿಯಮಗಳಂತೆ ಗಾಡಿಯ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತಲೂ, ನಡುವೆ ವಿರಾಮವಿಲ್ಲದೆ 5 ಗಂಟೆಗಿಂತಲೂ ಹೆಚ್ಚಾಗಿ ಹೂಡಕೂಡದು.

ತಮ್ಮ ಎತ್ತುಗಳನ್ನು ಆಳುಗಳ ಕೈಗೆ ಒಪ್ಪಿಸುವ ಭೂಮಾಲೀಕರು ನೊಗದೊಡನೆ ಎರಡು ಜೊತೆ ಮೆತ್ತೆಗಳನ್ನೂ ಒಪ್ಪಿಸಿ, ಸಂಜೆ ಎತ್ತು ಮರಳಿದಾಗ ಹೆಗಲನ್ನು ತಾವೇ ಮುಟ್ಟಿನೋಡುವ ಪದ್ಧತಿಯನ್ನಿಟ್ಟುಕೊಳ್ಳಬೇಕು. ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆ ಊರಿನ ಜೋಡಿಗಳನ್ನು ಒಂದೆಡೆ ಸೇರಿಸಿ, ನೊಗ ಮೆತ್ತೆಗಳನ್ನು ಪರೀಕ್ಷಿಸಿ ತಿದ್ದಿಸಿದರೆ ಮತ್ತೂ ಒಳ್ಳೆಯದು. ಹಿಡಿಯಷ್ಟು ಉಣ್ಣೆಯನ್ನು ಸಕಾಲದಲ್ಲಿ ಸೇರಿಸುವುದರಿಂದ ಒಂದು ಮೂಕಪ್ರಾಣಿಯ ನೋವೂ ಒಂದು ಒಕ್ಕಲಿನ ನಾಟಿಯ ನಷ್ಟವೂ ತಪ್ಪುವುದು.