ಮಾಲವಣದ ಕಡಲೊಳಗೆ

ಮುಂಬಯಿಯಲ್ಲಿ ಹೊಟ್ಟೆ ಹೊರೆದುಕೊಳ್ಳುತ್ತಿರುವ ನಮ್ಮವರಲ್ಲಿ ಬಹುಮಂದಿ ಕಡಲ ಕರೆಯವರು. ಕುಂದಾಪುರ, ಉಡುಪಿ, ಕಾಪು, ಮೂಲ್ಕಿಗಳ ಕಡೆಯಿಂದ ಬಂದ ಹೋಟೆಲು ಕಾರ್ಮಿಕನಿಗೆ ಸಮುದ್ರವೆಂಬುದು ಹೊಸ ವಸ್ತುವೇನೂ ಅಲ್ಲ. ಅದರ ಮೊರೆತವನ್ನು ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿದವನು ಅವನು. ಆದರೂ ಆ ಸಮುದ್ರವನ್ನು ನಾವು ಬಲ್ಲೆವೆಂದು ಹೇಳಿಕೊಳ್ಳಲು ಧೈರ್ಯ ಸಾಲದು. ಎಳ್ಳಮಾವಾಸ್ಯೆಯಂದು ಹಿರಿಯರ ಕೈಹಿಡಿದು ಮೂರು ಮುಳುಗು ಹಾಕಿದ್ದು, ಚೌಪಾಟಿಯ ಮರಳಿನಲ್ಲಿ ಕುಳಿತು ಶೇಂಗಾ ತಿಂದದ್ದು, ಇಷ್ಟರಲ್ಲಿಯೇ ನಮ್ಮ ಅನೇಕರ ಸಮುದ್ರಪರಿಚಯ ಮುಗಿದುಹೋಗುತ್ತದೆ. ಕಡಲನ್ನೇ ನಂಬಿ ಬದುಕುವ ಮೊಗವೀರ ಬಂಧುಗಳು ಸಹ ಅದರ ಒಳಗನ್ನು ಬಲೆಯ ಮೂಲಕ ತಿಳಿದವರೇ ಹೊರತು ಕಣ್ಣಾರೆ ಕಂಡವರು ಕಡಮೆ.

೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದಂದಿನಿಂದ ನಾವು ವರುಷಕ್ಕೊಮ್ಮೆಯಾದರೂ ಸಿಂಧುದುರ್ಗ ಜಿಲ್ಲೆಯನ್ನು ದಾಟಿಹೋಗುತ್ತೇವೆ. ಕಣಕವಲಿ, ಕುಡಾಳ, ಸಾವಂತವಾಡಿ ಎಂಬವು ನಮ್ಮ ಪಾಲಿಗೆ ಊರುಗಳಲ್ಲ. ಮನೆ ಮುಟ್ಟಲು ಇನ್ನೆಷ್ಟು ಹೊತ್ತಿದೆಯೆಂದು ಲೆಕ್ಕಹಾಕುವ ಗುರುತುಗಳು. ಕಳೆದ ಚಳಿಗಾಲದಲ್ಲಿ ಕುಡಾಳದಲ್ಲಿ ಇಳಿದೇಬಿಡುವುದೆಂದು ನಾವು ಐವರು ನಿಶ್ಚಯಿಸಿದೆವು. ಜೊತೆಯವರಲ್ಲಿ ಇಬ್ಬರು ಹೋಟೆಲಿನ ಅಡಿಗೆಯವರು, ಒಬ್ಬರು ಗಲ್ಲೆಯಲ್ಲಿ ಕೂರುವವರು, ಒಬ್ಬರು ಖಾಸಗಿ ಕಚೇರಿಯ ಗುಮಾಸ್ತರು. ಐವರಲ್ಲಿ ಈಜು ಬಲ್ಲವರು ಇಬ್ಬರೇ. ಅಡಿಗೆಯವರಲ್ಲಿ ಹಿರಿಯರಾದವರಿಗೆ ಐವತ್ತೆಂಟು ವರ್ಷ. ಅವರ ಬಾಲ್ಯದಲ್ಲಿ ಸೋದರಮಾವನೊಬ್ಬರು ಅಳಿವೆಯಲ್ಲಿ ನೀರುಪಾಲಾದ ಬಳಿಕ, ಕಡಲಿಗಿಳಿಯೆನೆಂದು ಮನೆಯವರು ಅವರಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಆಣೆ ಮಾಡಿಸಿದವರಲ್ಲಿ ಒಬ್ಬರೂ ಈಗ ಉಳಿದಿಲ್ಲ, ಭಯವೊಂದೇ ಉಳಿದಿತ್ತು.

ರಾತ್ರಿ ಮುಂಬಯಿ ಬಿಡುವ ಕೊಂಕಣ ಕನ್ಯಾ ಗಾಡಿಯು ಬೆಳಿಗ್ಗೆ ಕುಡಾಳದಲ್ಲಿ ಇಳಿಸುತ್ತದೆ. ಅಲ್ಲಿಂದ ಮಾಲವಣಕ್ಕೆ ಮೂವತ್ತು ಕಿಲೋಮೀಟರಿಗಿಂತ ತುಸು ಕಡಮೆ, ಎಸ್.ಟಿ. ಬಸ್ಸಿದೆ, ರಿಕ್ಷಾಗಳೂ ಇವೆ. ಮಾರ್ಗದ ಇಕ್ಕೆಲಗಳಲ್ಲಿ ಗೇರು ಮತ್ತು ಮಾವಿನ ತೋಪುಗಳು, ಮುರಕಲ್ಲಿನ ಮನೆಗಳು, ಅಂಗಳದಲ್ಲಿ ತುಳಸೀಕಟ್ಟೆ. "ಇದು ನಮ್ಮ ಬೈಂದೂರೇ ಸರಿ, ಮಾತು ಮಾತ್ರ ಬೇರೆ" ಎಂದು ಗುಮಾಸ್ತರು ಉದ್ಗರಿಸಿದರು. ಮಧ್ಯಾಹ್ನದೂಟಕ್ಕೆ ಬಂದ ಸೋಲ್‌ಕಢಿಯನ್ನು ಕಂಡು ನಮ್ಮ ಅಡಿಗೆಯವರಿಬ್ಬರು, ಇದು ಪುನರ್ಪುಳಿಯ ಸಾರಿಗೆ ತೆಂಗಿನಹಾಲು ಬೆರೆಸಿದ್ದೇ ಹೊರತು ಬೇರೇನಲ್ಲವೆಂದು ತೀರ್ಪಿತ್ತು, ಎರಡೆರಡು ಲೋಟ ಕುಡಿದರು.

ಮೊದಲ ದಿನ ಸಂಜೆ ಕರ್ಲಿ ನದಿಯಲ್ಲಿ ಕಯಾಕ್ ಎಂಬ ಕಿರುದೋಣಿಯ ವಿಹಾರ. ಮಾಲವಣದ ದಕ್ಷಿಣಕ್ಕೆ ತಾರ್ಕರ್ಲಿ, ಅದರಾಚೆಗೆ ದೇವಬಾಗ. ಕಾರವಾರದ ದೇವಬಾಗವಲ್ಲ, ಇದು ಬೇರೆ. ಒಂದು ಮಗ್ಗುಲಲ್ಲಿ ಅರಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ನದಿ, ನಡುವೆ ತೆಂಗಿನ ತೋಟಗಳ ಕಿರಿದಾದ ಮರಳುಪಟ್ಟಿ. ಕಯಾಕ್ ಎಂಬುದು ಹುಟ್ಟಿದ್ದು ಉತ್ತರಧ್ರುವದ ಸಮೀಪದ ಹಿಮಸಾಗರದಲ್ಲಿ. ಅಲ್ಲಿನ ಇನ್ಯುಯಿಟ್ ಜನರು ಮರದ ಅಥವಾ ತಿಮಿಂಗಿಲದ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಬೇಟೆಗೆ ಹೋಗುತ್ತಿದ್ದರು. ಆ ಚಳಿಯ ನಾಡಿನ ವಾಹನವು ಪ್ಲಾಸ್ಟಿಕಿನ ಮೈಪಡೆದು ತೆಂಗಿನ ನಾಡಿನಲ್ಲಿ ತೇಲುತ್ತಿರುವುದು ಸೋಜಿಗವೇ ಸರಿ. ನಮ್ಮ ದೋಣಿಯ ಹುಟ್ಟಿಗೆ ಒಂದೇ ಅಲಗು. ಇದರ ಹುಟ್ಟಿಗೆ ಎರಡು ತುದಿಗೂ ಅಲಗು. ಬಲಕ್ಕೊಂದು, ಎಡಕ್ಕೊಂದು ಎಂದು ಸರದಿಯಂತೆ ನೀರನ್ನು ಹಿಂದಕ್ಕೆ ತಳ್ಳುತ್ತ ಹೋಗಬೇಕು. ತೋಳಿನ ಬಲದಿಂದ ತಳ್ಳಿದವನು ಹತ್ತು ನಿಮಿಷದಲ್ಲಿ ಸೋಲುತ್ತಾನೆ. ಸೊಂಟವನ್ನು ತಿರುಗಿಸಿ ಬೆನ್ನಿನ ಬಲವನ್ನು ಕೊಟ್ಟವನು ಗಂಟೆಗಟ್ಟಲೆ ಸಾಗುತ್ತಾನೆ. ರುಬ್ಬುವ ಕಲ್ಲಿನಲ್ಲಿ ಪಳಗಿದ ನಮ್ಮ ಅಡಿಗೆಯವರಿಗೆ ಈ ವಿದ್ಯೆ ಬೇಗನೆ ಕೈಗೂಡಿತು. ಗುಮಾಸ್ತರ ದೋಣಿ ಮಾತ್ರ ಬಹಳ ಹೊತ್ತು ಒಂದೇ ಕಡೆ ಗಿರಿಗಿರಿ ತಿರುಗುತ್ತಿತ್ತು.

ಮಾರ್ಗದರ್ಶಕನು ಮೂವತ್ತರೊಳಗಿನ ಯುವಕ, ಬೆಸ್ತರ ಮನೆತನದವನು. ನಮ್ಮನ್ನೆಲ್ಲ ಎದೆಯ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿದ ತೇಲುಕವಚಗಳಲ್ಲಿ ಕೂರಿಸಿ, ಭರತ ಏರುತ್ತಿರುವಾಗಲೇ ಕಾಂಡ್ಲಾ ಮರಗಳ ಸಂದಿಗೆ ಕರೆದೊಯ್ದನು. ಇಳಿತದಲ್ಲಿ ಹೋದರೆ ಕೆಸರಿನಲ್ಲಿ ಹೂತುಕೊಳ್ಳಬೇಕಾದೀತು. ಉಪ್ಪುನೀರಿನಲ್ಲಿ ನಿಂತು ಬದುಕುವ ಈ ಮರಗಳ ಉಪಾಯಗಳನ್ನು ನೋಡಬೇಕು. ಕೆಲವು ಜಾತಿಗಳಿಗೆ ಕಾಂಡದಿಂದ ಕೊಡೆಯ ಕಡ್ಡಿಗಳಂತೆ ಇಳಿದ ಊರುಗೋಲು ಬೇರುಗಳು. ಕೆಲವಕ್ಕೆ ಕೆಸರಿನಿಂದ ಮೇಲೆದ್ದ ಮೊಳೆಗಳಂಥ ಉಸಿರುಬೇರುಗಳು. ಕೆಸರಿನಲ್ಲಿ ಪ್ರಾಣವಾಯು ಇಲ್ಲದ್ದರಿಂದ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಒಂದು ಜಾತಿಯಲ್ಲಂತೂ ಬೀಜವು ತಾಯಿಮರದಲ್ಲಿ ತೂಗುತ್ತಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಬೆಳೆದು, ಆಮೇಲೆ ಕೆಳಗೆ ಬೀಳುತ್ತದೆ. ಮೀನಿನ, ಸೀಗಡಿಯ ಮರಿಗಳು ಈ ಬೇರುಗಳ ನಡುವೆಯೇ ದೊಡ್ಡವಾಗುತ್ತವೆ. ನಮ್ಮ ಹೋಟೆಲುಗಳ ತಟ್ಟೆಗೆ ಬರುವ ಸೀಗಡಿಯ ತೊಟ್ಟಿಲು ಇದೆಂದು ತಿಳಿದಾಗ ಗಲ್ಲೆಯವರು, "ಹಾಗಾದರೆ ಇದು ನಮ್ಮ ಉಗ್ರಾಣ" ಎಂದರು.

ಹಿಂದಿರುಗುವಾಗ ಆ ಯುವಕನು ತನ್ನ ತಂದೆ ರಾಪಣ ಎಳೆಯುತ್ತಿದ್ದರೆಂದು ಹೇಳಿದನು. ಆ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರು ತಲೆಯೆತ್ತಿದರು. ನಮ್ಮೂರಿನ ರಂಪಣಿಯೇ ಅದು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಆ ಮಹಾಬಲೆಯು, ಪರ್ಸೀನ್ ಯಂತ್ರದೋಣಿಗಳು ಬಂದಮೇಲೆ ೧೯೭೦ರ ದಶಕದ ಕೊನೆಯಿಂದ ನಮ್ಮ ಕರಾವಳಿಯಲ್ಲಿ ಮೂಲೆಗೆ ಬಿದ್ದಿತು. ಮಾಲವಣದ ಸಾಂಪ್ರದಾಯಿಕ ಬೆಸ್ತರಿಗೂ ಪರ್ಸೀನಿನವರಿಗೂ ಇರುವ ಜಗಳ ಹಳೆಯದು. ಮೀನು ಕಡಮೆಯಾದ ಮನೆಗಳ ಹುಡುಗರು ಪ್ರವಾಸಿಗಳನ್ನು ಕಡಲಿಗೆ ಕರೆದೊಯ್ಯುವ ಕಸುಬಿಗೆ ತಿರುಗಿದ್ದಾರೆ. ನಮ್ಮೂರಿನಲ್ಲಾದರೋ ಅಂಥ ಹುಡುಗರು ಮುಂಬಯಿಯ ಬಸ್ಸು ಹತ್ತಿದರು. ಹಿರಿಯರು ಆ ಯುವಕನೊಡನೆ ಹರುಕುಮುರುಕು ಮರಾಠಿಯಲ್ಲಿ ಬಹಳ ಹೊತ್ತು ಮಾತನಾಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಸಿಂಧುದುರ್ಗದ ಕೋಟೆಯ ಸುತ್ತಣ ನೀರಿಗೆ ಹೊರಟೆವು. ಕುರಟೆಯೆಂಬ ನಡುಗಡ್ಡೆಯ ಮೇಲೆ ಶಿವಾಜಿ ಮಹಾರಾಜರು ೧೬೬೪ರ ನವೆಂಬರ್ ೨೫ರಂದು ಈ ಕೋಟೆಗೆ ಬುನಾದಿ ಹಾಕಿಸಿದರು. ನಾಲ್ಕೂ ಕಡೆ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಮೂರು ಬಾವಿಗಳಿವೆ. ಹಾಲು, ಸಕ್ಕರೆ, ಮೊಸರು ಎಂದು ಅವುಗಳ ಹೆಸರು. ನಮ್ಮವರಿಗೆ ಇನ್ನೊಂದು ವಿಷಯವೂ ಸ್ವಾರಸ್ಯವೆನಿಸೀತು. ೧೬೬೫ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಇದೇ ಮಾಲವಣದಿಂದ ಹೊರಟು ಕುಂದಾಪುರದ ಬಳಿಯ ಬಸರೂರಿನ ಮೇಲೆ ಬಿದ್ದಿತ್ತು. ಆ ಕಾಲಕ್ಕೆ ನಮ್ಮ ಬಸರೂರು ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬರಲು ಯೋಗ್ಯವಾದ ಸಿರಿವಂತ ಪೇಟೆಯಾಗಿತ್ತು.

ಸ್ನಾರ್ಕೆಲ್ ಎಂದರೆ ಬಾಗಿದ ಒಂದು ಉಸಿರುಕೊಳವೆ. ಜಲಾಂತರ್ಗಾಮಿ ನೌಕೆಗಳ ಗಾಳಿಕೊಳವೆಗೆ ಜರ್ಮನರು ಕೊಟ್ಟ ಹೆಸರಿನಿಂದ ಬಂದ ಶಬ್ದವಿದು. ಗಾಜಿನ ಮುಖವಾಡವು ಕಣ್ಣು ಮೂಗುಗಳನ್ನು ಮುಚ್ಚುತ್ತದೆ. ಕೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ನೀರಿನ ಮೇಲೆ. ಮುಖ ಕೆಳಗೆ ಮಾಡಿ ಮರದ ತುಂಡಿನಂತೆ ತೇಲುತ್ತ ಬಾಯಿಯಿಂದ ಉಸಿರಾಡಬೇಕು. ಕೊಳವೆಯನ್ನು ಇನ್ನೂ ಉದ್ದ ಮಾಡಿದರೆ ಆಳಕ್ಕೆ ಹೋಗಬಹುದಲ್ಲವೇ ಎಂದು ಗುಮಾಸ್ತರ ಪ್ರಶ್ನೆ. ಆಗದು. ಒಂದು ಮೀಟರು ಆಳದಲ್ಲಿಯೇ ನೀರಿನ ಭಾರವು ಎದೆಯನ್ನು ಅದುಮಿ ಮೇಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳಲು ಬಿಡುವುದಿಲ್ಲ. ಮೇಲಾಗಿ ಬಿಟ್ಟ ಉಸಿರೇ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಹೋಗುತ್ತದೆ. ಆದುದರಿಂದ ಕೊಳವೆ ಒಂದು ಅಡಿಗಿಂತ ಸ್ವಲ್ಪವೇ ಹೆಚ್ಚು. ಗಾಜಿಗೆ ಮಂಜು ಹಿಡಿಯದಿರಲು ಒಳಬದಿಗೆ ಎಂಜಲು ಉಜ್ಜಿ ತೊಳೆಯುತ್ತಾರೆ. ಮಡಿವಂತರು ಮುಖ ತಿರುಗಿಸಬೇಕಾದೀತು, ಆದರೆ ಕೆಲಸವಾಗುತ್ತದೆ.

ಈಜು ಬಾರದವರು ನೀರಿಗಿಳಿದು ತೇಲುವ ಬಳೆಯೊಂದನ್ನು ಹಿಡಿದುಕೊಂಡರು. ಹಿರಿಯರು ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತೇ ಇದ್ದರು. ಒಮ್ಮೆ ಮುಖ ಮುಳುಗಿಸಿ, ಕೊಳವೆಯನ್ನು ಕಿತ್ತೆಸೆದು, ಕೆಮ್ಮುತ್ತ ದೋಣಿಯ ಅಂಚನ್ನು ಹಿಡಿದುಕೊಂಡರು. ಮುಖ ಬಿಳುಪೇರಿತ್ತು. ಆ ಯುವಕನು ಗದರಿಸಲೂ ಇಲ್ಲ, ಹುರಿದುಂಬಿಸಲೂ ಇಲ್ಲ. ದೋಣಿಯ ಮೇಲೆಯೇ ಕೂರಿಸಿ ಮುಖವಾಡ ತೊಡಿಸಿ ಐದು ನಿಮಿಷ ಬರಿದೆ ಉಸಿರಾಡಿಸಿದನು. ಬಳಿಕ ಕೈಹಿಡಿದು ಇಳಿಸಿದನು. ಈ ಬಾರಿ ಅವರು ಮುಖವನ್ನು ಮೇಲೆತ್ತಲಿಲ್ಲ. ನಾವು ಮೂರು ಸಲ ಕೂಗಿ ಕರೆದರೂ ಎತ್ತಲಿಲ್ಲ. ಕೊನೆಗೆ ತಲೆಯೆತ್ತಿ ಅಂದದ್ದು ಇಷ್ಟೇ: "ಅಡಿಯಲ್ಲಿ ಪೇಟೆಯೇ ಇದೆ ಮಾರಾಯರೇ!"

ಪೇಟೆಯೇ ಸರಿ. ಎರಡು ಮೂರು ಆಳು ಕೆಳಗೆ ಬಂಡೆಗಳ ಮೇಲೆ ದಿಂಡುದಿಂಡಾದ ಹವಳದ ಗುಡ್ಡೆಗಳು, ಅಲ್ಲಲ್ಲಿ ಬುಟ್ಟಿಯ ಆಕಾರದವು. ಹಳದಿ ಬೆನ್ನಿಗೆ ಐದು ಕರಿಪಟ್ಟೆ ಹೊತ್ತ ಮೀನುಗಳು ಗುಂಪುಗುಂಪಾಗಿ ನಮ್ಮ ಮೂಗಿನ ಮುಂದೆಯೇ ಸುಳಿಯುತ್ತಿದ್ದವು. ಕೈಚಾಚಿದರೆ ಇನ್ನೂ ಅಷ್ಟು ದೂರ. ನೀರಿನೊಳಗೆ ಗಾಜಿನ ಮೂಲಕ ನೋಡಿದಾಗ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿಯೂ ಹತ್ತಿರವಾಗಿಯೂ ಕಾಣುವುದೇ ಇದಕ್ಕೆ ಕಾರಣ. ಹವಳವೆಂದೊಡನೆ ನಮಗೆ ಕುಜದೋಷದ ಉಂಗುರ ನೆನಪಾಗುತ್ತದೆ. ಆ ಕೆಂಪು ಹವಳ ಬಹುತೇಕ ಮೆಡಿಟರೇನಿಯನ್ ಸಮುದ್ರದ್ದು, ಬೇರೆ ಜಾತಿ. ಮಾಲವಣದ್ದು ಕಲ್ಲಿನಂತೆ ಕಂಡರೂ ಸಾವಿರಾರು ಪುಟ್ಟ ಜೀವಿಗಳ ವಠಾರ. ಪ್ರತಿಯೊಂದು ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ಬಾಡಿಗೆಗಿದ್ದು, ಬಿಸಿಲಿನಿಂದ ಅಡಿಗೆ ಮಾಡಿ ಯಜಮಾನನಿಗೂ ಬಡಿಸುತ್ತದೆ, ಬಣ್ಣವೂ ಅದರದೇ. ಬೇಸಗೆಯ ಅತ್ಯುಷ್ಣಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ನೀರು ಕೆಲವು ವಾರ ಕಾದರೆ ಪಾಚಿ ಹೊರಬೀಳುತ್ತದೆ, ಹವಳ ಬಿಳಚಿಕೊಳ್ಳುತ್ತದೆ. ತಾಪ ಇಳಿಯದಿದ್ದರೆ ಉಪವಾಸದಿಂದ ಸಾಯುತ್ತದೆ. ಮಾಲವಣದಲ್ಲಿಯೂ ಇಂಥ ಬಿಳಚುವಿಕೆಯನ್ನು ವಿಜ್ಞಾನಿಗಳು ಕಂಡಿದ್ದಾರೆ. ದಿಂಡಿನಾಕಾರದ ಹವಳ ಬೆಳೆಯುವುದು ವರುಷಕ್ಕೆ ಒಂದು ಸೆಂಟಿಮೀಟರಿನಷ್ಟು. ದಣಿದ ಪ್ರವಾಸಿಯೊಬ್ಬ ಅದರ ಮೇಲೆ ಕಾಲೂರಿ ಒಂದು ಕ್ಷಣ ನಿಂತರೆ, ಅವನ ಅಜ್ಜನ ಕಾಲದಿಂದ ಬೆಳೆದದ್ದು ಮುರಿದುಹೋಗಬಹುದು.

೧೯೮೭ರಲ್ಲಿ ಸರಕಾರವು ಇಲ್ಲಿನ ೨೯ ಚದರ ಕಿಲೋಮೀಟರು ಪ್ರದೇಶವನ್ನು ಸಾಗರ ಅಭಯಾರಣ್ಯವೆಂದು ಸಾರಿತು. ಜೀವನೋಪಾಯಕ್ಕೆ ಕುಂದು ಬಂದೀತೆಂದು ಬೆಸ್ತರು ಅದನ್ನು ವಿರೋಧಿಸಿದರು. ಅವರ ಆತಂಕ ನಿರಾಧಾರವೆನ್ನಲಾಗದು. ಆದರೆ ಅದೇ ನೀರಿನಲ್ಲಿ ಕೆಲವು ದೋಣಿಯವರು ಮೀನು ಕಲೆಹಾಕಲು ಬ್ರೆಡ್ಡಿನ ಚೂರು ಎರಚುವುದನ್ನೂ ಕಂಡೆವು. ಪಾಚಿ ಮೇಯ್ದು ಹವಳವನ್ನು ಶುಚಿಯಾಗಿಡುವ ಮೀನಿಗೆ ಭಿಕ್ಷೆಯ ಚಾಳಿ ಹಿಡಿಸುವುದು ನಮಗೆ ಹಿಡಿಸಲಿಲ್ಲ. ಎರಚಬೇಡಿರೆಂದು ಹಣ ಕೊಡುವ ಗಿರಾಕಿ ಹೇಳಿದರೆ ಕೇಳುತ್ತಾರೆ. ಗಿರಾಕಿಯ ಮಾತಿನ ಬೆಲೆ ಹೋಟೆಲಿನವರಿಗೆ ವಿವರಿಸಬೇಕಾಗಿಲ್ಲ. ಹವಳದ ತುಂಡನ್ನು ಜೇಬಿಗಿಳಿಸುವುದು ಅಪರಾಧ. ವನ್ಯಜೀವಿ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ.

ಅಪಾಯದ ಮಾತನ್ನು ಮರೆಮಾಚುವಂತಿಲ್ಲ. ೨೦೨೨ರ ಮೇ ತಿಂಗಳಲ್ಲಿ ತಾರ್ಕರ್ಲಿಯಲ್ಲಿ ಜಲವಿಹಾರ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗಳು ಅಸುನೀಗಿದರು. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾಬಾಲಕಿಯರು ಕಡಲುಪಾಲಾದರು. ಆದುದರಿಂದ ದೋಣಿ ಹತ್ತುವ ಮುನ್ನ ಎಷ್ಟು ಜನರನ್ನು ಕೂರಿಸುತ್ತಾರೆಂದು ಎಣಿಸಿರಿ. ತೇಲುಕವಚದ ಕೊಂಡಿಗಳು ಕೂಡುತ್ತವೆಯೇ ನೋಡಿರಿ. ನೀರಿನಿಂದ ಮೇಲೆ ಬಂದಮೇಲೂ ದಡ ಮುಟ್ಟುವವರೆಗೆ ಅದನ್ನು ಬಿಚ್ಚದಿರಿ. ಮದ್ಯ ಸೇವಿಸಿದವರು ಅಂದು ದಂಡೆಯಲ್ಲಿಯೇ ಕೂರುವುದು ಲೇಸು. ಎದೆನೋವು, ಉಬ್ಬಸ, ಅಪಸ್ಮಾರವುಳ್ಳವರು ವೈದ್ಯರನ್ನು ಕೇಳದೆ ಇಳಿಯತಕ್ಕದ್ದಲ್ಲ. ದರವನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ; ಋತುವಿಗೂ ಜನಸಂದಣಿಗೂ ತಕ್ಕಂತೆ ಅದು ಏರಿಳಿಯುತ್ತದೆ.

ಇಂಥ ವಿಹಾರ ನಮ್ಮ ಊರಿನ ಕಡೆಯೂ ಇದೆ. ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವೂ ಮೀನೂ ಹೇರಳ. ಆದರೆ ಅಲ್ಲಿ ನೀರು ಆಳ, ತೆರೆದ ಕಡಲಿನಲ್ಲಿ ದೋಣಿಯ ಪ್ರಯಾಣವೂ ದೀರ್ಘ; ಮೊದಲ ಬಾರಿಗೆ ಇಳಿಯುವವರಿಗೆ ಮಾಲವಣವೇ ಮೇಲೆಂದು ನಮ್ಮ ಅಭಿಪ್ರಾಯ. ನಮ್ಮ ಹಿರಿಯರು ಮಾತ್ರ ಮುಂದಿನ ಸಲ ಊರಿಗೆ ಹೋದಾಗ ಮೊಮ್ಮಗನೊಡನೆ ನೇತ್ರಾಣಿಗೆ ಹೋಗುವುದೇ ಎಂದು ಪಟ್ಟುಹಿಡಿದಿದ್ದಾರೆ.

ಮಾಲವಣದಲ್ಲಿ ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಜಲವಿಹಾರಗಳು ಮುಚ್ಚಿರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ನೀರು ಹೆಚ್ಚು ತಿಳಿ. ಗುಮಾಸ್ತರು ಶುಕ್ರವಾರ ರಾತ್ರಿ ಹೊರಟು ಆದಿತ್ಯವಾರ ರಾತ್ರಿಯ ಗಾಡಿ ಹಿಡಿದರೆ ಸೋಮವಾರ ಕಚೇರಿಗೆ ಹಾಜರಾಗಬಹುದು. ಹೋಟೆಲಿನವರಿಗೆ ವಾರದ ಕೊನೆಯೇ ದುಡಿಮೆಯ ಹೊತ್ತಾದ್ದರಿಂದ ಅವರು ವಾರದ ನಡುವೆ ರಜೆ ಕೇಳುವುದು ಒಳ್ಳೆಯದು. ಆಗ ಮಾಲವಣದಲ್ಲಿ ದೋಣಿಗಳೂ ಖಾಲಿ, ಮಾರ್ಗದರ್ಶಕರಿಗೂ ಪುರುಸೊತ್ತು.