ಗಣತಿ ಮತ್ತು ಗಣನೆ



ಗಣತಿ, ಗಣನೆ ಎಂಬೆರಡು ಮಾತುಗಳು ಒಂದೇ ಮೂಲದವು; ಅರ್ಥ ಮಾತ್ರ ಒಂದಲ್ಲ. ತಲೆಗಳನ್ನು ಎಣಿಸುವುದು ಗಣತಿ; ಮನುಷ್ಯನಿಗೆ ಬೆಲೆ ಕೊಡುವುದು ಗಣನೆ. ಈ ಅಂತರವನ್ನು ನನಗೆ ಮನಗಾಣಿಸಿದ್ದು ಸಿಡ್ನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತೋರಿಸಿದ ಐವತ್ತು ಡಾಲರಿನ ನೋಟು.

1995ರಿಂದ ಆ ನೋಟಿನ ಮೇಲಿರುವ ಭಾವಚಿತ್ರ ಡೇವಿಡ್ ಯುನೈಪಾನ್ ಅವರದು. 1872ರಲ್ಲಿ ಜನಿಸಿದ ಇವರು ದಕ್ಷಿಣ ಆಸ್ಟ್ರೇಲಿಯದ ಮೂಲನಿವಾಸಿ. ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಅಲಗು ನೇರಗತಿಯಲ್ಲಿ ಚಲಿಸುವಂತೆ 1909ರಲ್ಲಿ ಸುಧಾರಣೆಯೊಂದನ್ನು ರೂಪಿಸಿದರು. ಹಣವಿಲ್ಲದೆ ಅದರ ಪೂರ್ಣ ಪೇಟೆಂಟ್ ಕೈಗೂಡಲಿಲ್ಲ. ತಮ್ಮ ಜನರ ಪುರಾಣಕಥೆಗಳನ್ನೂ ಅವರು ಸಂಗ್ರಹಿಸಿ ಬರೆದರು. 1930ರಲ್ಲಿ ಆ ಕಥೆಗಳು ಲಂಡನ್ನಿನಲ್ಲಿ ಗ್ರಂಥರೂಪ ತಾಳಿದವು. ಆದರೆ ಮುಖಪುಟದಲ್ಲಿದ್ದ ಹೆಸರು ವಿಲಿಯಂ ರಾಮ್ಸೆ ಸ್ಮಿತ್ ಎಂಬ ಬಿಳಿಯರದು!

ಇಂಥವರು ದೇಶದ ಲೆಕ್ಕದಲ್ಲಾದರೂ ಇದ್ದರೇ? ಅದೂ ಇಲ್ಲ. 1901ರಲ್ಲಿ ಜಾರಿಗೆ ಬಂದ ಸಂವಿಧಾನದ 127ನೆಯ ವಿಧಿಯಂತೆ ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸತಕ್ಕದ್ದಲ್ಲ. 1967ರ ಮೇ 27ರಂದು ನಡೆದ ಜನಮತಸಂಗ್ರಹದಲ್ಲಿ ಶೇಕಡ 90ಕ್ಕೂ ಹೆಚ್ಚು ಮತದಾರರು ಆ ವಿಧಿಯನ್ನು ತೆಗೆದುಹಾಕಲು ಒಪ್ಪಿದರು. ಯುನೈಪಾನ್ ಅದೇ ವರ್ಷದ ಫೆಬ್ರವರಿಯಲ್ಲಿ ಕಣ್ಮುಚ್ಚಿದ್ದರು.

2021ರ ಜನಗಣತಿಯಲ್ಲಿ ಮೂಲನಿವಾಸಿಗಳೂ ಟಾರೆಸ್ ಜಲಸಂಧಿಯ ದ್ವೀಪವಾಸಿಗಳೂ ಸೇರಿ 8,12,728 ಮಂದಿ, ಅಂದರೆ ಶೇಕಡ 3.2. ಐದು ವರ್ಷಗಳಲ್ಲಿ ಈ ಸಂಖ್ಯೆ ಕಾಲುಭಾಗದಷ್ಟು ಏರಿತ್ತು. ಇದಕ್ಕೆ ಜನನಗಳಷ್ಟೇ ಕಾರಣವಲ್ಲ; ಹಿಂದೆ ತಮ್ಮ ಮೂಲವನ್ನು ನಮೂದಿಸದಿದ್ದ ಕೆಲವರು ಈಗ ನಮೂದಿಸತೊಡಗಿದ್ದಾರೆ. ಇದು ನನಗೆ ಅಂಕಿಗಿಂತ ದೊಡ್ಡದಾಗಿ ತೋರುತ್ತದೆ.

ಈ ಅಲ್ಪಸಂಖ್ಯಾತರ ಕೊಡುಗೆ ಅಲ್ಪವಲ್ಲ. ಊಜರೂ ನೂನುಕಲ್ 1964ರಲ್ಲಿ ಕವನಸಂಕಲನವೊಂದನ್ನು ಹೊರತಂದು ತಮ್ಮ ಜನರ ನೋವಿಗೆ ದನಿಯಾದರು. ಟಾರೆಸ್ ಜಲಸಂಧಿಯ ಎಡ್ಡಿ ಮಾಬೊ ಹೂಡಿದ ದಾವೆಯಲ್ಲಿ ಉಚ್ಚ ನ್ಯಾಯಾಲಯವು, ಬಿಳಿಯರು ಬರುವ ಮುನ್ನ ಈ ನೆಲಕ್ಕೆ ಒಡೆಯರೇ ಇರಲಿಲ್ಲವೆಂಬ ಭಾವನೆಯನ್ನು 1992ರಲ್ಲಿ ತಳ್ಳಿಹಾಕಿತು. ದೇಶದ ಭೂಕಾನೂನೇ ಬದಲಾಯಿತು. ಅಲೆಕ್ಸಿಸ್ ರೈಟ್ ಅವರ ‘ಕಾರ್ಪೆಂಟೇರಿಯ’ ಕಾದಂಬರಿಗೆ 2007ರಲ್ಲಿ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಸಂದಿತು.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾರೆ. ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿಗಳ ಮಂಡಲಿಯೊಂದನ್ನು ಸಂವಿಧಾನದಲ್ಲಿ ಸೇರಿಸುವ ಸೂಚನೆಯನ್ನು 2023ರಲ್ಲಿ ಸುಮಾರು ಶೇಕಡ 60 ಮತದಾರರು ನಿರಾಕರಿಸಿದರು. ಗಣತಿಗೆ ಒಂದು ದಿನದ ಮತದಾನ ದಾರಿ ತೆರೆಯಿತು. ಗಣನೆ ಅಷ್ಟು ಬೇಗ ಬರುವುದಿಲ್ಲ. ಯುನೈಪಾನರ ಕಥೆಗಳು ಅವರದೇ ಹೆಸರಿನಲ್ಲಿ ಪ್ರಕಟವಾದದ್ದು 2001ರಲ್ಲಿ. ಅಷ್ಟರಲ್ಲಿ ಎಪ್ಪತ್ತೊಂದು ವರ್ಷಗಳು ಸಂದಿದ್ದವು.